‘ದುರಾಸೆ’ ಅಂತ ಇನ್ನೊಂದು ಸಲ ಅನ್ನಬೇಡಿ

ಈಚೆಗೆ ಒಂದು ನಾಮಕರಣದ ಊಟಕ್ಕೆ ಕೂತಿದ್ದಾಗ ನಮ್ಮ ನೆಂಟರೊಬ್ಬರು ಎಲ್ಲರ ಎದುರಿಗೇ ಕೇಳಿದರು: "ಏನ್ ಮೇಷ್ಟ್ರೇ, ಆಫ್ರಿಕಾ ದುಡ್ಡು ಬಂತಾ?" ಪಂಕ್ತಿಗೆ ಪಂಕ್ತಿಯೇ ನಕ್ಕಿತು, ‘ದುರಾಸೆ’ ಅಂತಲೂ ಅಂದರು. ನಮ್ಮ ದೊಡ್ಡಪ್ಪ ತಲೆ ತಗ್ಗಿಸಿ ಅನ್ನ ಕಲೆಸುತ್ತಲೇ ಇದ್ದರು. ತುತ್ತು ಬಾಯಿಗೆ ಹೋಗಲಿಲ್ಲ. ಆವತ್ತು ಹಿರಿಯರ ಮುಂದೆ ನನಗೆ ಬಾಯಿ ಬರಲಿಲ್ಲ. ಇವತ್ತು ಹೇಳುತ್ತೇನೆ.

ದೊಡ್ಡಪ್ಪನಿಗೆ 71 ವರ್ಷ. ಅರಸೀಕೆರೆ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಅವರಿಗೆ ಒಂದು ಇಮೇಲ್ ಬಂತು. ಆಫ್ರಿಕಾದ ಟೋಗೊ ದೇಶದಲ್ಲಿ ಎಂಜಿನಿಯರ್ ಆಗಿದ್ದ ‘ಮಿಸ್ಟರ್ ರಾವ್’ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ, ಬ್ಯಾಂಕಿನಲ್ಲಿ 92 ಲಕ್ಷ ಡಾಲರ್ ಇದೆ, ವಾರಸುದಾರರು ಸಿಕ್ಕಿಲ್ಲ, ನಿಮ್ಮ ಹೆಸರಲ್ಲೂ ರಾವ್ ಇದೆ. ಬರೆದವನು ತಾನು ವಕೀಲ ಅಂತ ಹೇಳಿಕೊಂಡಿದ್ದ.

ರಾವ್ ಅನ್ನೋ ಹೆಸರು ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಲ್ಲಿ ಎಷ್ಟು ಮನೆಯಲ್ಲಿಲ್ಲ! ಇದೇ ಮೇಲ್ ಪಾಟೀಲರಿಗೆ ಪಾಟೀಲ್ ಅಂತ ಹೋಗುತ್ತದೆ, ಶೆಟ್ಟರಿಗೆ ಶೆಟ್ಟಿ ಅಂತ ಹೋಗುತ್ತದೆ. ಅಷ್ಟೂ ಗೊತ್ತಾಗಲಿಲ್ಲವಾ ಮೇಷ್ಟ್ರಿಗೆ ಅಂತ ತಾನೇ ನೀವೆಲ್ಲ ನಕ್ಕಿದ್ದು?

ಹಾಗಾದರೆ ಕೇಳಿ. ದೊಡ್ಡಪ್ಪನಿಗೆ ಒಬ್ಬ ತಮ್ಮ ಇದ್ದರು. ನನಗೆ ಚಿಕ್ಕಪ್ಪ ಆಗಬೇಕು, ನಾನು ನೋಡಿಲ್ಲ. 1976ರಲ್ಲಿ ಹಡಗಿನ ಕೆಲಸ ಸಿಗುತ್ತೆ ಅಂತ ಬಾಂಬೆಗೆ ಹೋದವರು ತಿರುಗಿ ಬರಲಿಲ್ಲ. ಎರಡು ಕಾಗದ ಬಂದವು. ಆಮೇಲೆ ಅದೂ ಇಲ್ಲ. ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲದ ಮಗನಿಗೆ ತಿಥಿ ಮಾಡುವುದಕ್ಕೆ ಅಜ್ಜಿ ಸಾಯುವವರೆಗೂ ಒಪ್ಪಲಿಲ್ಲ.

ನಾನು ಆ ಮೇಲ್‌ಗಳನ್ನು ಸಾಲಾಗಿ ಓದಿದೆ. ಮೊದಲನೆಯದರಲ್ಲಿ ಬರೀ ‘ಮಿಸ್ಟರ್ ರಾವ್’. ಅದಕ್ಕೆ ದೊಡ್ಡಪ್ಪ ಬರೆದ ಉತ್ತರದಲ್ಲಿ ತಮ್ಮನ ಪೂರ್ತಿ ಹೆಸರಿದೆ. ಇವನು 1976ರಲ್ಲಿ ಬಾಂಬೆಗೆ ಹೋದವನಾ, ಬಲಗೈ ಮೇಲೆ ಸುಟ್ಟ ಕಲೆ ಇತ್ತಾ ಅಂತ ಕೇಳಿದ್ದಾರೆ. ಮರುದಿನದ ಮೇಲ್‌ನಲ್ಲಿ ಹೆಸರು ಬಂತು, ಬಾಂಬೆ ಬಂತು, ಸುಟ್ಟ ಕಲೆಯೂ ಬಂತು. ಇವರು ಕೊಟ್ಟಿದ್ದನ್ನೇ ಅವನು ಇವರಿಗೆ ತಿರುಗಿಸಿ ಕೊಟ್ಟ. ಎಂಟನೇ ಮೇಲ್‌ನಲ್ಲಿ ದೊಡ್ಡಪ್ಪ ದುಡ್ಡಿನ ಮಾತೇ ಎತ್ತಿಲ್ಲ. ನನ್ನ ತಮ್ಮ ನಮ್ಮ ಬಗ್ಗೆ ಏನಾದರೂ ಹೇಳುತ್ತಿದ್ದನಾ ಅಂತ ಕೇಳಿದ್ದಾರೆ. ಯಾವಾಗಲೂ ಹೇಳುತ್ತಿದ್ದರು, ಅದರಲ್ಲೂ ನಿಮ್ಮ ಬಗ್ಗೆ ಅಂತ ಆ ಪಾಪಿ ಬರೆದಿದ್ದಾನೆ. ಅದರ ಕೆಳಗಿನ ಸಾಲಿನಲ್ಲೇ ಅಕೌಂಟ್ ನಂಬರ್.

ಇದು ದುರಾಸೆಯಾ? ಹೇಳಿ.

ಮೊದಲು ಅಫಿಡವಿಟ್‌ಗೆ ಅಂತ 14,500 ರೂಪಾಯಿ. ಆಮೇಲೆ ಈ ಹಣ ಭಯೋತ್ಪಾದಕರದ್ದಲ್ಲ ಅನ್ನೋ ಸರ್ಟಿಫಿಕೇಟ್‌ಗೆ 38,000. ಕೊನೆಗೆ ರಿಸರ್ವ್ ಬ್ಯಾಂಕಿನ ಲಾಂಛನ ಅಂಟಿಸಿದ ಒಂದು ಪತ್ರ, ಅದರಲ್ಲಿ ‘ಪಿತ್ರಾರ್ಜಿತ ತೆರಿಗೆ’ 85,000. ಒಟ್ಟು 1,37,500. ನಮ್ಮ ದೇಶದಲ್ಲಿ ಅಂಥ ತೆರಿಗೆಯೇ ಇಲ್ಲ. ಎಸ್ಟೇಟ್ ಡ್ಯೂಟಿ ಅಂತ ಒಂದಿತ್ತು, ಅದನ್ನು 1985ರಲ್ಲೇ ತೆಗೆದುಹಾಕಿದರು. ರಿಸರ್ವ್ ಬ್ಯಾಂಕ್ ಹೀಗೆ ಮೇಲ್ ಕಳಿಸಿ ಯಾರ ಹತ್ತಿರವೂ ದುಡ್ಡು ಕೇಳುವುದಿಲ್ಲ. ಅದನ್ನು ಅವರೇ ಎಷ್ಟು ಸಲ ಹೇಳಿದ್ದಾರೆ.

ನಿಮ್ಮ ಫೀಸನ್ನು ಆ ಹಣದಲ್ಲೇ ಮುರಿದುಕೊಂಡು ಮಿಕ್ಕಿದ್ದು ಕಳಿಸಿ ಅಂತ ದೊಡ್ಡಪ್ಪನೂ ಬರೆದಿದ್ದರು. ಕಾನೂನು ಪ್ರಕಾರ ಮುಟ್ಟುವ ಹಾಗಿಲ್ಲ ಅಂತ ಉತ್ತರ. ನಿಮಗೂ ಇಂಥ ಉತ್ತರ ಬಂದರೆ ಅಲ್ಲಿಗೇ ಕೈಬಿಡಿ. ದುಡ್ಡು ಬರುವುದಕ್ಕೆ ಮೊದಲು ನೀವೇ ದುಡ್ಡು ಕಟ್ಟಬೇಕು ಅಂದರೆ ಅದು ಮೋಸವೇ. ಅಜ್ಜ ತೀರಿಕೊಂಡಾಗ ಒಂದೂವರೆ ಎಕರೆ ತೆಂಗಿನ ತೋಟದ ಪೌತಿ ಖಾತೆ ಮಾಡಿಸಲು ಇದೇ ದೊಡ್ಡಪ್ಪ ಮರಣ ಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಎಷ್ಟು ಅಲೆದಿದ್ದರು! ಬ್ಯಾಂಕಿನ ದುಡ್ಡಾದರೆ ಎಷ್ಟೋ ಸಲ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಸ್ವಂತ ಅಪ್ಪನ ಆಸ್ತಿಗೇ ಇಷ್ಟು ದಾಖಲೆ ಬೇಕು. ಹೆಸರು ಹೊಂದಿತು ಅಂತ ಯಾವ ದೇಶದ ಬ್ಯಾಂಕೂ ಕೋಟಿ ಎಣಿಸಿ ಕೊಡುವುದಿಲ್ಲ.

ಇನ್ನೊಂದು. ಟೋಗೊ ವಕೀಲನ ಫೀಸು ಹೋಗಿದ್ದು ನಮ್ಮ ದೇಶದ್ದೇ ಮೂರು ಉಳಿತಾಯ ಖಾತೆಗಳಿಗೆ. ಮೂರೂ ಬೇರೆ ಬೇರೆ ಜನರ ಹೆಸರಲ್ಲಿ. ನಾಲ್ಕು ಕಾಸಿಗೆ ಪಾಸ್‌ಬುಕ್, ಎಟಿಎಂ ಕಾರ್ಡ್ ಬಾಡಿಗೆಗೆ ಕೊಡುವವರು ಇರುವುದರಿಂದಲೇ ಈ ದಂಧೆ ನಡೆಯುತ್ತಿರುವುದು. ನನಗೆ ಅವರ ಮೇಲೂ ಅಷ್ಟೇ ಸಿಟ್ಟಿದೆ.

ಬ್ಯಾಂಕಿನವರು? ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ತನ್ನಿ, ಬದುಕಿದ್ದೀರಿ ಅಂತ ತೋರಿಸಿ ಅನ್ನುತ್ತಾರೆ. ಅದೇ ಮನುಷ್ಯ ಅವಧಿಗೆ ಮೊದಲೇ ಎಫ್‌ಡಿ ಮುರಿಸಿ, ಗೊತ್ತಿಲ್ಲದ ಊರಿನ ಖಾತೆಗೆ 85,000 ಕಳಿಸಲು ಕೈಯಲ್ಲಿ ಚಲನ್ ತುಂಬಿ ಕೊಟ್ಟರೆ, "ಯಾರಿಗೆ ಸಾರ್ ಇದು?" ಅಂತ ಒಂದು ಮಾತು ಕೇಳಲಿಲ್ಲ. ಠಪ್ ಅಂತ ಸೀಲ್ ಹೊಡೆದು ಕೊಟ್ಟರು. ಒಂದೇ ಒಂದು ಪ್ರಶ್ನೆ ಸಾಕಿತ್ತು, ನಮ್ಮ ದೊಡ್ಡಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಪೊಲೀಸ್ ಠಾಣೆಯಲ್ಲಿ "ನಮ್ಮದಲ್ಲ, ಜಿಲ್ಲೆಯ ಸೆನ್ ಠಾಣೆಗೆ ಹೋಗಿ" ಅಂದರು. ಸೆನ್ ಅಂದರೆ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ. ಅದಕ್ಕೂ ಮೊದಲು, "ಇಷ್ಟು ಓದಿಕೊಂಡೋರು ಹಿಂಗ್ ಮಾಡೋದಾ?" ವ್ಯಾಪ್ತಿ ಯಾವುದೇ ಇರಲಿ, ಇಂಥ ದೂರು ತಗೊಳ್ಳಲೇಬೇಕು ಅಂತ ಹಳೇ ಸಿಆರ್‌ಪಿಸಿ ಬದಲು ಬಂದಿರುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಇದೆ. ಎರಡು ಬಸ್ಸು ಬದಲಾಯಿಸಿ ಸೆನ್ ಠಾಣೆಗೆ ಹೋಗಿ ಬಂದೆವು.

ಅಷ್ಟರಲ್ಲಿ ದುಡ್ಡು ಹೋಗಿ 23 ದಿನ ಆಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿದರೆ ಆ ಖಾತೆಯಲ್ಲಿ ಉಳಿದ ಹಣವನ್ನಾದರೂ ತಡೆಹಿಡಿಯುವ ಅವಕಾಶ ಇರುತ್ತದೆ. ತಡವಾದಷ್ಟೂ ಅದು ಖಾಲಿ. ದೊಡ್ಡಪ್ಪ ಯಾಕೆ ತಡ ಮಾಡಿದರು? ಪ್ರತಿ ಮೇಲ್‌ನಲ್ಲೂ "ಯಾರಿಗೂ ಹೇಳಬೇಡಿ" ಅಂತ ಇತ್ತು, ದೊಡ್ಡಮ್ಮನಿಗೂ ಹೇಳಲಿಲ್ಲ. ಮೋಸ ಅಂತ ಗೊತ್ತಾದ ಮೇಲೆ ಹೇಳದೇ ಇದ್ದಿದ್ದು ನಿಮ್ಮ ನಗುವಿಗೆ ಹೆದರಿ. ಕಳ್ಳರಿಗೆ ಬೇಕಾದ ಟೈಮ್ ನಿಮ್ಮ ನಗು ಕೊಟ್ಟಿತು.

"ಅಂಥ ಹರಕು ಇಂಗ್ಲಿಷ್ ಮೇಲ್ ಯಾರಾದರೂ ನಂಬ್ತಾರಾ" ಅಂದ ನಮ್ಮ ಎಂಜಿನಿಯರ್ ತಮ್ಮಂದಿರಿಗೆ ಒಂದು ಮಾತು. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲೇ ಇದನ್ನು ಬರೆದಿದ್ದಾರೆ. ಕಥೆ ನಂಬೋಕೆ ಆಗದ ಹಾಗೆ ಇರುವುದೇ ಕಳ್ಳನಿಗೆ ಲಾಭ, ಅನುಮಾನದವರು ಮೊದಲೇ ಜರಡಿಯಲ್ಲಿ ಬಿದ್ದು ಹೋಗುತ್ತಾರೆ, ಉತ್ತರ ಬರೆಯುವವರ ಮೇಲೆ ಮಾತ್ರ ಅವನು ಸಮಯ ಹಾಕಿದರೆ ಸಾಕು. ನಿಮ್ಮನ್ನು ಅವನು ಬಿಟ್ಟ. ನೀವು ಜಾಣರು ಅಂತಲೇ ಇರಲಿ. ಆದರೆ ನಿಮ್ಮ ಮನೆಯಿಂದ ಯಾರೂ ಕಾಣೆಯಾಗಿಲ್ಲ, ಅಲ್ವಾ?

ಹೋದ ವಾರ ಹೊಸ ಮೇಲ್ ಬಂದಿದೆ. ಈ ಸಲ ‘ಇಂಟರ್‌ಪೋಲ್’ ಹೆಸರಲ್ಲಿ. ನಿಮಗೆ ಮೋಸ ಮಾಡಿದವರು ಸಿಕ್ಕಿದ್ದಾರೆ, 9,000 ಕಟ್ಟಿದರೆ ಪೂರ್ತಿ ಹಣ ವಾಪಸ್ ಅಂತ. ಒಂದು ಸಲ ಕಳೆದುಕೊಂಡವರ ಪಟ್ಟಿ ಇವರ ಕೈಯಲ್ಲಿ ಇರುತ್ತದೆ, ಅದೇ ಜನ ಬೇರೆ ವೇಷದಲ್ಲಿ ಬರುತ್ತಾರೆ. ಅದರಲ್ಲೂ ಚಿಕ್ಕಪ್ಪನ ಪೂರ್ತಿ ಹೆಸರಿದೆ. ದೊಡ್ಡಪ್ಪ ಉತ್ತರ ಬರೆಯಲಿಲ್ಲ. ರಾತ್ರಿ ಒಂಬತ್ತೂವರೆಗೆ ನನಗೆ ಫೋನ್ ಮಾಡಿ, "ಇದೊಂದು ಬಂದಿದೆ, ನೀನೇ ನೋಡಿ ಹೇಳು ಮಗಾ" ಅಂದರು. ನಾಮಕರಣದ ಊಟದಲ್ಲಿ ಅಷ್ಟು ಅವಮಾನ ಆದ ಮೇಲೂ ಹೇಳಿಕೊಂಡರು.

ಗೌರಿ ಹಬ್ಬಕ್ಕೆ ಎಲ್ಲರೂ ದೊಡ್ಡಪ್ಪನ ಮನೆಯಲ್ಲೇ ಸೇರುತ್ತೀವಿ. ಬರುವವರು ಬನ್ನಿ. ಆಫ್ರಿಕಾ ಮಾತು ಎತ್ತುವವರು ದಯವಿಟ್ಟು ಬರಬೇಡಿ.