ಒತ್ತು ಸಾಲದೆ ಬಿಟ್ಟುಹೋದ ಮಿತ್ರರು

ಮಂಗಳೂರಿನಲ್ಲಿ ಭಾನುವಾರ ಭಾನುವಾರ ಅಚ್ಚುಮೊಳೆ, ಅಂದರೆ ಅಕ್ಷರ ಕೆತ್ತಿದ ಸೀಸದ ತುಂಡುಗಳನ್ನು, ಜೋಡಿಸಲು ಕಲಿಸುತ್ತಾರೆ ಅಂತ ಕೇಳಿ ಹೆಸರು ಕೊಟ್ಟೆ. ಹುಡುಗನಾಗಿದ್ದಾಗ ಮಾವನ ಪ್ರೆಸ್ಸಿನಲ್ಲಿ ಯಕ್ಷಗಾನದ ಹ್ಯಾಂಡ್‌ಬಿಲ್ಲಿಗೆ ಮೊಳೆ ಹೆಕ್ಕಿದ ಕೈ ಇದು. ಆಮೇಲೆ ಕಂಪ್ಯೂಟರ್ ಬಂತು, ಮೊಳೆಗಳು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋದವು. ಆಗ ಮಸಿ ಮೆತ್ತಿಕೊಂಡರೆ ಮಾವ ಗೋಳಿಬಜೆಗೆ ಕಾಸು ಕೊಡುತ್ತಿದ್ದರು. ಈಗ ಅದೇ ಮಸಿಗೆ ನಾನೇ ಫೀಸು ಕಟ್ಟಬೇಕು. ಹೆಂಡತಿಗೆ ಈ ಲೆಕ್ಕ ಇನ್ನೂ ಅರ್ಥವಾಗಿಲ್ಲ.

ಕ್ಲಾಸಿನಲ್ಲಿ ಎಲ್ಲ ಮಕ್ಕಳೇ. ಮೊಳೆ ಜೋಡಿಸುವ ಕೈಪಟ್ಟಿ ಸ್ಟಿಕ್ಕಿನಲ್ಲಿ ಅಕ್ಷರಗಳು ತಲೆಕೆಳಗಾಗಿ ನಿಲ್ಲುತ್ತವೆ, ಹಾಗೇ ಓದಲು ಕಣ್ಣು ಪಳಗಬೇಕು ಅಂತ ನಾನು ಹಿರಿಯನ ಠೀವಿಯಲ್ಲಿ ಹೇಳುತ್ತಿದ್ದೆ. ಅಷ್ಟರಲ್ಲಿ ಒಬ್ಬಳು ಫೋನಲ್ಲಿ ಫೋಟೋ ತೆಗೆದು, ತಿರುಗಿಸಿ, ಪ್ರೂಫ್ ನೋಡಿಯೇ ಬಿಟ್ಟಳು.

ಅಭ್ಯಾಸಕ್ಕೆ ಅಂತ ನಮ್ಮಣ್ಣನ ಹೊಸಮನೆಯ ಆಮಂತ್ರಣದ ಕಾಗದ ಹಿಡಿದುಕೊಂಡೆವು. ತುಳುವರ ಆಟಿ ತಿಂಗಳು ಕಳೆದ ಮೇಲೆ ಗೃಹಪ್ರವೇಶ. ಇಂಗ್ಲಿಷಿಗಾದರೆ ದೊಡ್ಡದು ಚಿಕ್ಕದು ಸೇರಿ 52 ಅಕ್ಷರ, ಮುಗೀತು. ಕನ್ನಡಕ್ಕೆ ಗುಣಿತದ ಮೊಳೆ ಬೇರೆ, ಒತ್ತಿನ ಮೊಳೆ ಬೇರೆ. ಮೊಳೆ ಪೆಟ್ಟಿಗೆಯ ಮನೆಗಳನ್ನೆಲ್ಲ ತಡಕಿದರೂ ರ ಒತ್ತು ಒಂದೂ ಸಿಗಲಿಲ್ಲ. ಹಾಗಾಗಿ 'ಪ್ರವೇಶ' ಹೋಯಿತು. 'ಮನೆ ಒಕ್ಕಲು' ಅಂತ ಮಾಡಿದೆವು. ಕ ಒತ್ತು ಒಂದೇ ಒಂದು ಇತ್ತು, ಅದು ಅಲ್ಲಿಗೆ ಖರ್ಚು. 'ಊಟಕ್ಕೆ ಬನ್ನಿ' ಅನ್ನುವ ಹಾಗಿಲ್ಲ, 'ಊಟ ಇದೆ' ಅಂದೆವು. 'ಬಂಧುಮಿತ್ರರು' ಅನ್ನುವಲ್ಲಿ ಮತ್ತೆ ರ ಒತ್ತು. ಮಿತ್ರರನ್ನು ಕೈಬಿಟ್ಟೆವು. ಬಂಧುಗಳು ಉಳಿದುಕೊಂಡರು.

ಇದೇ ಊರಿನ ಬಾಸೆಲ್ ಮಿಷನ್ನಿನವರು 1841ರಲ್ಲಿ ಪ್ರೆಸ್ ಶುರು ಮಾಡಿದಾಗ ಕಲ್ಲಚ್ಚು ಹಿಡಿದದ್ದು ಎಂಥ ಬುದ್ಧಿವಂತಿಕೆ ಅಂತ ನನಗೆ ಆಗ ಹೊಳೆಯಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ತಂದದ್ದೂ ಕಲ್ಲಚ್ಚಿನಲ್ಲೇ. ಅದರಲ್ಲಿ ಮೊಳೆಯೇ ಬೇಡ, ಕೈಯಲ್ಲಿ ಬರೆದದ್ದೇ ಕಲ್ಲಿನಿಂದ ಅಚ್ಚಾಗುತ್ತದೆ. ಎಷ್ಟು ಬೇಕಾದರೂ ಒತ್ತು ಕೊಡಬಹುದು, ಯಾರ ಮಿತ್ರರನ್ನೂ ಬಿಡಬೇಕಾಗಿಲ್ಲ. 1894ರ ಕಿಟೆಲ್ ನಿಘಂಟಿಗೆ ಮೊಳೆ ಜೋಡಿಸಿದವರನ್ನು ನೆನೆದರೆ ಮಾತ್ರ ಕೈಮುಗಿಯಬೇಕು ಅನಿಸುತ್ತದೆ.

ಇನ್ನು ಮಳೆ. ತೇವಕ್ಕೆ ಕಾರ್ಡುಗಳು ಡಬ್ಬಿಯ ಮುಚ್ಚಳ ಮರೆತ ಹಪ್ಪಳದ ಹಾಗೆ ಮೆತ್ತಗಾಗಿದ್ದವು. ಕಾಲಲ್ಲಿ ತುಳಿದು ಅಚ್ಚು ಹಾಕುವ ಟ್ರೆಡಲ್ ಮೆಷಿನ್ನಿಗೆ ಕೊಟ್ಟರೆ ಬಾಗುತ್ತವೆ. ಅಚ್ಚಾದದ್ದು ಬೇಗ ಒಣಗುವುದೂ ಇಲ್ಲ. ಫ್ಯಾನಿನಡಿ ಹರಡಿಟ್ಟೆವು. ಕರೆಂಟು ಹೋಯಿತು. ಮೊದಲ ಕಟ್ಟು ಅಣ್ಣನ ಕೈ ಸೇರಿದಾಗ 'ಊಟ ಇದೆ' ಅನ್ನುವುದು ಪ್ರತಿ ಕಾರ್ಡಿನ ಬೆನ್ನಿಗೂ ತಿರುಗಾಮುರುಗಾ ಅಂಟಿತ್ತು. ಅವನು ಅದನ್ನು ಡಿಸೈನ್ ಅಂದುಕೊಂಡ. ನಾನೂ ಹೌದೆಂದೆ.

ಮಿತ್ರರಿಗೆ ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ. ಅದರಲ್ಲಿ ಒತ್ತು ಧಾರಾಳ. ಅವರು ಬೇಗ ಬಂದು ಮೊದಲ ಪಂಕ್ತಿಯಲ್ಲೇ ಕೂತರು. ಕಾರ್ಡು ಹಿಡಿದು ಬಂದ ದೊಡ್ಡಮ್ಮ ಹೊರಗೆ ನಿಂತು, "ಬರೀ ನೆಂಟರಿಗೆ ಅಂತ ಅಚ್ಚು ಹಾಕಿಸಿದ್ದಿ, ಇವರೆಲ್ಲ ಯಾರು ಮಾರಾಯ?" ಅಂತ ಅಣ್ಣನನ್ನು ಕೇಳಿದರು. ಅವನು ನನ್ನ ಕಡೆ ಕೈ ತೋರಿಸಿದ.