ನಮ್ಮವರ ಹಾರ್ನು

ಮುಂಬಯಿಯಲ್ಲಿ ಸಿಗ್ನಲ್ ಹಸಿರಾದದ್ದು ಮೊದಲು ಗೊತ್ತಾಗುವುದು ಹಿಂದಿನ ಗಾಡಿಯವನಿಗೆ. ಮುಂದೆ ನಿಂತವನು ತಲೆಯೆತ್ತುವಷ್ಟರಲ್ಲಿ ಹಿಂದಿನಿಂದ ಪೀಂ ಅಂತ ಬಂದುಬಿಡುತ್ತದೆ. ನಮ್ಮವರು ಇದಕ್ಕೂ ಒಂದು ಕೈ ಮೇಲೆ. ದೀಪ ಇನ್ನೂ ಕೆಂಪಗಿರುವಾಗಲೇ ಹೊಡೆಯುತ್ತಾರೆ. ಯಾಕ್ರೀ ಅಂದರೆ, "ಎಚ್ಚರ ಇರ್ಲಿ ಅಂತ" ಅನ್ನುತ್ತಾರೆ.

ಮನೆಯಲ್ಲಿ ಇವರ ದನಿಯೇ ಏಳುವುದಿಲ್ಲ. ಸೊಸೈಟಿ ಮೀಟಿಂಗಿನಲ್ಲಿ ನೀರಿನ ಜಗಳ ಶುರುವಾದರೆ ಮೊಬೈಲ್ ಕಿವಿಗಿಟ್ಟುಕೊಂಡು ಹೊರಗೆ ಜಾರುವ ಮನುಷ್ಯ. ಸಾರಿಗೆ ಉಪ್ಪು ಬಿದ್ದಿಲ್ಲ ಅಂತ ಹೇಳಲಿಕ್ಕೂ ನಾನು ಉಣ್ಣಲು ಕೂರುವವರೆಗೆ ಕಾಯುತ್ತಾರೆ. ಅದೇ ಮನುಷ್ಯ ಮುಲುಂಡಿನ ನಮ್ಮ ಗೇಟು ದಾಟಿ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಬರಲಿ, ಬೆನ್ನು ನೆಟ್ಟಗಾಗುತ್ತದೆ, ಬಲಗೈ ಹೆಬ್ಬೆರಳು ಸ್ಟೀರಿಂಗಿನ ನಡುವೆ ಹೋಗಿ ಕೂರುತ್ತದೆ. ಆಮೇಲೆ ಮಾತೆಲ್ಲ ಅದರದೇ.

ಇವರ ಇನ್ನೊಂದು ಕಾಯಿಲೆ ಲೇನು. ಛೇಡಾ ನಗರದ ಹತ್ತಿರ ಗಾಡಿಗಳು ಇರುವೆ ಸಾಲಿನ ಹಾಗೆ ತೆವಳುತ್ತಿರುವಾಗ ಇವರಿಗೆ ಪಕ್ಕದ ಲೇನೇ ಓಡುತ್ತಿದೆ ಅನ್ನಿಸುತ್ತದೆ. ನುಗ್ಗುತ್ತಾರೆ. ನುಗ್ಗಿದ ತಕ್ಷಣ ಅದು ನಿಲ್ಲುತ್ತದೆ, ಬಿಟ್ಟು ಬಂದದ್ದು ಓಡುತ್ತದೆ. ಇದು ಇವರೊಬ್ಬರ ಹಣೆಬರಹ ಅಲ್ಲವಂತೆ. ಟೊರಾಂಟೊದ ವೈದ್ಯ ಡೊನಾಲ್ಡ್ ರೆಡೆಲ್ಮಿಯರ್ ಮತ್ತು ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ಟಿಬ್ಶಿರಾನಿ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಎರಡೂ ಲೇನಿನ ಸರಾಸರಿ ವೇಗ ಒಂದೇ ಇದ್ದರೂ ಪಕ್ಕದ್ದೇ ಜೋರು ಅನ್ನಿಸುತ್ತದೆ. ನಾವು ಮುಂದೆ ಹೋಗುವಾಗ ಪಕ್ಕದ ಗಾಡಿಗಳು ಒತ್ತೊತ್ತಾಗಿರುತ್ತವೆ, ಒಂದಷ್ಟು ಗಾಡಿ ಕ್ಷಣದಲ್ಲಿ ಹಿಂದೆ ಬೀಳುತ್ತವೆ. ಅವು ನಮ್ಮನ್ನು ದಾಟುವಾಗ ಮಾತ್ರ ಬಿಡಿಬಿಡಿಯಾಗಿ ಒಂದೊಂದೇ ಬರುತ್ತವೆ, ಆ ಹೊತ್ತು ಮುಗಿಯುವುದೇ ಇಲ್ಲ. ಮೇಲಾಗಿ ನಾವು ದಾಟಿದ್ದು ಬೆನ್ನ ಹಿಂದೆ ಹೋಯಿತು, ನಮ್ಮನ್ನು ದಾಟಿದ್ದು ಕಣ್ಣೆದುರೇ ಉರಿಸುತ್ತಾ ಇರುತ್ತದೆ. ಇದನ್ನೆಲ್ಲ ಗಾಡಿಯಲ್ಲೇ ಓದಿ ಹೇಳಿದೆ. ನಮ್ಮವರು ಪೂರ್ತಿ ಕೇಳಿದರು. "ಅದು ಕೆನಡಾದಾಗ" ಅಂದು ಎಡಕ್ಕೆ ತಿರುಗಿಸಿದರು.

ಹಾಗಂತ ಹಾರ್ನು ಎಲ್ಲರಿಗೂ ಒಂದೇ ಅಲ್ಲ. ಮುಂದೆ ರಿಕ್ಷಾ ನಿಂತರೆ ಪೀಂ, ಕಪ್ಪು ಗಾಜಿನ ದೊಡ್ಡ ಎಸ್‌ಯುವಿ ನಿಂತರೆ "ಏನೋ ತೊಂದ್ರಿ ಆಗಿರಬೇಕು ಪಾಪ." ಇದನ್ನೂ ಅಳೆದು ನೋಡಿದವರಿದ್ದಾರೆ. ಆಂಥೊನಿ ಡೂಬ್ ಮತ್ತು ಅಲನ್ ಗ್ರಾಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಕ್ಯಾಲಿಫೋರ್ನಿಯಾದಲ್ಲಿ ಸಿಗ್ನಲ್ ಹಸಿರಾದರೂ ಕಾರನ್ನು ಕದಲಿಸದೆ 12 ಸೆಕೆಂಡು ಬೇಕಂತಲೇ ನಿಂತರು. ಹಳೇ ಕಾರಿಗೆ ಹಿಂದಿನವರಲ್ಲಿ ಶೇಕಡಾ 84 ಜನ ಹಾರ್ನ್ ಹೊಡೆದರು. ತೊಳೆದು ಮಿಂಚುತ್ತಿದ್ದ ಹೊಸ ಕ್ರೈಸ್ಲರ್‌ಗೆ ಹೊಡೆದವರು 50 ಮಾತ್ರ. ಇಬ್ಬರಂತೂ ಹಾರ್ನಿನ ಗೊಡವೆಗೇ ಹೋಗದೆ ಹಳೇ ಕಾರಿನ ಬಂಪರ್‌ಗೆ ಗುದ್ದಿಬಿಟ್ಟರಂತೆ. ಮಜಾ ಏನಂದರೆ, ಇಂಥ ಹೊತ್ತಲ್ಲಿ ನೀವೇನು ಮಾಡ್ತೀರಿ ಅಂತ ಕಾಗದದ ಮೇಲೆ ಕೇಳಿದಾಗ ಕಾಲೇಜು ಹುಡುಗರು ಶ್ರೀಮಂತರ ಕಾರಿಗೇ ಮೊದಲು ಹೊಡೀತೀವಿ ಅಂತ ಬರೆದಿದ್ದರು!

ಮುಂಬಯಿ ಪೊಲೀಸರು 2020ರ ಜನವರಿ ಕೊನೆಗೆ ಒಂದು ವಿಡಿಯೊ ಬಿಟ್ಟಿದ್ದರು, ನೆನಪಿದೆಯಾ? ಹಿಂದ್‌ಮಾತಾ, ಪೆದ್ದರ್ ರಸ್ತೆಯಂಥ ಕಡೆ ಸಿಗ್ನಲ್ಲಿಗೆ ಸದ್ದು ಅಳೆಯುವ ಯಂತ್ರ ಜೋಡಿಸಿದ್ದರು. 85 ಡೆಸಿಬಲ್ ದಾಟಿದರೆ ಕೆಂಪು ದೀಪದ ಎಣಿಕೆ ಮತ್ತೆ ಮೊದಲಿಂದ. ಹೊಡೀರಿ, ಕಾಯಿರಿ. ನಮ್ಮವರು ಅದನ್ನು ಇದ್ದಬದ್ದ ಗ್ರೂಪಿಗೆಲ್ಲ ಕಳಿಸಿದರು. ಮೇಲೊಂದು ಸಾಲು ಬೇರೆ: "ಈ ಮಂದಿಗೆ ಹಿಂಗೇ ಆಗಬೇಕು."

ಮೊನ್ನೆ ಒಂದು ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಹಾಡಿನ ಕಾರ್ಯಕ್ರಮ. ಹಿಂದಿನ ಸೀಟಿನಲ್ಲಿ ಧಾರವಾಡದಿಂದ ಬಂದಿದ್ದ ಅತ್ತೆ. ಸಾಯನ್ ಸಿಗ್ನಲ್ಲಿನಲ್ಲಿ ಇವರು ವಾಡಿಕೆಯಂತೆ ಒತ್ತಿದರು. ಪೀಂ. ಬೆರಳು ತೆಗೆದರು. ಹಾರ್ನ್ ನಿಲ್ಲಲಿಲ್ಲ.

ಅತ್ತೆ ಮುಂದೆ ಬಾಗಿದರು. "ಯಾಕೋ ತಮ್ಮಾ, ಮುಂದಿನಾಂವಗೂ ಕೆಂಪ ದೀಪ ಕಾಣಸ್ತದ ಅಲ್ಲೇನೋ?"

"ನಾ ಹೊಡ್ಯಾಕತ್ತಿಲ್ಲವಾ, ಅದೇ ಹೊಡ್ಕೊಳ್ಳಾಕತ್ತದ!"

ಕೀಲಿ ತೆಗೆದರೂ ಪೀಂ. ಹಾರ್ನಿಗೆ ಕರೆಂಟು ಸೀದಾ ಬ್ಯಾಟರಿಯಿಂದ, ಇಂಜಿನ್ನಿನ ಹಂಗಿಲ್ಲ ನೋಡಿ. ಬೈಕಿನವನು ಹೆಲ್ಮೆಟ್ ಎತ್ತಿ ನೋಡಿದ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆ ಬಂದವು. ಟ್ರಾಫಿಕ್ ಪೊಲೀಸ್ "ಅಹೋ, ಬಸ್ ಕರಾ ನಾ!" ಅಂತ ಬಂದ. ನಮ್ಮವರು ಎರಡೂ ಕೈ ಮೇಲೆತ್ತಿ ತೋರಿಸಿದರು. ಪೀಂ. ಮುಂದೆ ನಿಂತಿದ್ದದ್ದು, ದುರದೃಷ್ಟಕ್ಕೆ, ಅಂಥದ್ದೇ ಕಪ್ಪು ಗಾಜಿನ ಗಾಡಿ. ಅದರ ಬಾಗಿಲು ನಿಧಾನಕ್ಕೆ ತೆರೆಯಿತು. ನಮ್ಮವರು ಕೈ ಮುಗಿದು ಸಾರಿ ಸಾರಿ ಅನ್ನುತ್ತಿದ್ದರು, ಹಾರ್ನಿನ ಸದ್ದಿಗೆ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಇಳಿದವನಿಗೆ ಬೈದಂತೆ ಕಂಡಿರಬೇಕು.

ಉಳಿಸಿದ್ದು ಪಕ್ಕದ ಕಾಳಿ-ಪೀಳಿ ಟ್ಯಾಕ್ಸಿಯ ಚಾಚಾ. ಬಾನೆಟ್ ಎತ್ತಿಸಿ, ಗ್ರಿಲ್ಲಿನ ಹಿಂದೆ ಕೈ ತೂರಿಸಿ, ವೈರ್ ಎಳೆದರು. ನಿಂತಿತು. "ಅಬ್ ಆರಾಮ್ ಸೆ ಜಾವ್ ಸಾಬ್" ಅಂದು, ಇಳಿದವನನ್ನೂ ಅವರೇ ಸಮಾಧಾನ ಮಾಡಿ ಕಳಿಸಿದರು.

ಅಲ್ಲಿಂದ ಮುಂದೆ ನಮ್ಮವರನ್ನು ನೋಡಲಾಗಲಿಲ್ಲ. ಹೆಬ್ಬೆರಳು ಒತ್ತುತ್ತದೆ, ಏನೂ ಬರುವುದಿಲ್ಲ, ಮತ್ತೆ ಒತ್ತುತ್ತದೆ. ಒಂದು ಕಡೆ ಬಾಯಲ್ಲೇ ಪೀಂ ಅಂದರು. ಕಿಂಗ್ಸ್ ಸರ್ಕಲ್ಲಿನಲ್ಲಿ ಒಬ್ಬ ಹೆಂಗಸು ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಆರಾಮಾಗಿ ರಸ್ತೆ ದಾಟಿದರು. ಇವರು ಬ್ರೇಕ್ ಹಾಕಿ ನಿಂತು ನನ್ನ ಕಡೆ ತಿರುಗಿದರು. "ನೋಡಿದ್ಯಾ? ಹಾರ್ನ್ ಇಲ್ಲಂತ ಅವ್ರಿಗೆ ಗೊತ್ತಾಗೇದ!"

ಮಾಟುಂಗಾ ತಲುಪಿದಾಗ ಅತ್ತೆ ಗಡಿಯಾರ ನೋಡಿದರು. "ಹ್ವಾದ ಸಲಾನೂ ಇಷ್ಟೊತ್ತಿಗೇ ಬಂದಿದ್ವೆಲ್ಲೋ."

"ಇವತ್ತ ಟ್ರಾಫಿಕ್ ಕಡಿಮಿ ಅದವಾ."

ಮಾರನೇ ದಿನ ಸಂಜೆ ಗ್ಯಾರೇಜಿಗೆ ನಾನೂ ಹೋಗಿದ್ದೆ. ಮೆಕ್ಯಾನಿಕ್ ಸ್ಟೀರಿಂಗ್ ಬಿಚ್ಚಿ ಹಾರ್ನಿನ ಸ್ವಿಚ್ ನೋಡಿದ. ಒತ್ತಿ ಒತ್ತಿ ಸವೆದುಹೋಗಿತ್ತು. ಇಷ್ಟು ಹಾರ್ನ್ ಯಾರು ಹೊಡೆಯುತ್ತಾರೆ ಅಂತ ಹಿಂದಿಯಲ್ಲಿ ಕೇಳಿದ.

ನಮ್ಮವರು ನನ್ನ ಕಡೆ ಕೈ ತೋರಿಸಿದರು. "ಮಿಸೆಸ್ ಚಲಾತಿ ಹೈ."

ನನ್ನ ಹತ್ತಿರ ಲೈಸೆನ್ಸೇ ಇಲ್ಲ.