ಬಲ್ಬಿನ ಜಾತಕ

ಮೈಸೂರಿನ ನಮ್ಮ ಮನೆಯಲ್ಲಿ ಫ್ಯಾನು ಫ್ಯಾನಿನ ಪಾಡಿಗೆ, ಟ್ಯೂಬ್‌ಲೈಟು ಅದರ ಪಾಡಿಗೆ ಇವೆ. ಟೆಕ್ಸಸ್‌ನಲ್ಲಿರುವ ಮಗಳ ಮನೆಯಲ್ಲಿ ಎರಡೂ ಕೂಡು ಕುಟುಂಬ: ಫ್ಯಾನಿನ ಹೊಟ್ಟೆಯಲ್ಲೇ ದೀಪ. ಹೋದ ದಿನ ಸೆಕೆಯೆಂದು ಗೋಡೆಯ ಗುಂಡಿಯನ್ನು ರೆಗ್ಯುಲೇಟರ್ ಎಂದುಕೊಂಡು ತಿರುಗಿಸಿದೆ. ಗಾಳಿ ಹೆಚ್ಚಲಿಲ್ಲ, ದೀಪ ಮಂಕಾಯಿತು. ವೇಗ ಬದಲಿಸಲು ಫ್ಯಾನಿನಿಂದ ತೂಗುವ ಸರಪಳಿ ಎಳೆಯಬೇಕಂತೆ. ಸಕಾರಣವಿಲ್ಲದೆ ಎಳೆದರೆ ದಂಡವೆಂದು ರೈಲಿನಲ್ಲಿ ಓದಿ ಬೆಳೆದ ಕೈ ನನ್ನದು. ಧೈರ್ಯ ಬರಲು ಎರಡು ದಿನ ಹಿಡಿಯಿತು.

ಆ ದೀಪದ ಗಾಜಿನ ಬಟ್ಟಲೊಳಗೆ ಎರಡು ಎಲ್‌ಇಡಿ ಬಲ್ಬುಗಳಿದ್ದವು. ವರ್ಷ ತುಂಬುವ ಮೊದಲೇ ಒಂದು ಮಿಣುಕಿ ಮಿಣುಕಿ ಕಣ್ಣು ಮುಚ್ಚಿತು. ಅಳಿಯಂದಿರು ಹೊಸ ಪೆಟ್ಟಿಗೆ ತಂದರು. ಅಮೆರಿಕದಲ್ಲಿ ಬಲ್ಬಿಗೂ ಜಾತಕವಿರುತ್ತದೆ: ದಿನಕ್ಕೆ 3 ಗಂಟೆ ಉರಿಸಿದರೆ ಆಯಸ್ಸು 13.7 ವರ್ಷ. ಪೆಟ್ಟಿಗೆ ಹೇಳುವ 15,000 ಗಂಟೆಗಳನ್ನು ಹಂಚಿ ನೋಡಿದೆ, ಲೆಕ್ಕ ಸರಿಯೇ. ಆದರೆ ಆ ದಶಾಂಶದ ಧೈರ್ಯ ನಮ್ಮ ಜೋಯಿಸರಿಗೂ ಇರಲಿಲ್ಲ.

“ಮಾವ, ಇದು ಕಂಪನಿಯವರ ಮೋಸ” ಎಂದರು ಅಳಿಯಂದಿರು. ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ರೂಪಾಯಿ ತಪ್ಪಿದರೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕಿದವನು ನಾನು. ಇಂಥ ತೀರ್ಪನ್ನು ಸುಮ್ಮನೆ ಒಪ್ಪುವುದುಂಟೆ?

ಸತ್ತ ಬಲ್ಬನ್ನು ಒಂದು ದಿನ ಹಾಗೇ ಬಿಟ್ಟು, ಮರುದಿನ ಅದರ ಪ್ಲಾಸ್ಟಿಕ್ ಬುರುಡೆಯನ್ನು ಬಿಚ್ಚಿದೆ. ಬೆಳಕು ಕೊಡುವ ಹಳದಿ ಚುಕ್ಕೆಗಳಲ್ಲಿ ಒಂದೂ ಕಪ್ಪಾಗಿರಲಿಲ್ಲ. ಕತ್ತಿನೊಳಗಿನ ಸರ್ಕ್ಯೂಟಿನಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡ ಕೆಪಾಸಿಟರ್ ಇತ್ತು, ವಿದ್ಯುತ್ತನ್ನು ಕ್ಷಣಕಾಲ ಕೂಡಿಟ್ಟುಕೊಡುವ ಡಬ್ಬಿ. ಅದರ ತಲೆ ಪೂರಿಯಂತೆ ಉಬ್ಬಿತ್ತು. ಅದರೊಳಗಿನ ದ್ರವ ಕಾವಿಗೆ ಆರುತ್ತಾ ಹೋಗುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ರೂಢಿಯ ಲೆಕ್ಕ. ಮೇಲೆ ಮೋಟಾರಿನ ಬಿಸಿ, ಕೆಳಗೆ ಗಾಜಿನ ಮುಚ್ಚಳ, ನಡುವೆ ಬಲ್ಬಿನದೇ ಕಾವು. ಮನೆಗೆಲ್ಲ ಗಾಳಿ ಹಂಚುವ ಫ್ಯಾನು ತನ್ನ ಮಡಿಲಿನ ಬಲ್ಬಿಗೆ ಮಾತ್ರ ಒಂದು ಉಸಿರು ಗಾಳಿ ಕೊಡುವುದಿಲ್ಲ. ಹಳೆಯ ತಂತಿ ಬಲ್ಬು ಬಿಸಿಯಿಂದಲೇ ಬದುಕಿತ್ತು, ಅದಕ್ಕೆ ಅಲುಗಾಟದ ಭಯ. ಇದಕ್ಕೆ ಬಿಸಿಯೇ ಯಮ. ಪೂರ್ತಿ ಮುಚ್ಚಿದ ಗೂಡಿನಲ್ಲಿ ಹಾಕಬಾರದೆಂದು ಪೆಟ್ಟಿಗೆಯ ಅಡಿಯಲ್ಲಿ ಬರೆದೇ ಇತ್ತು. ಓದಲು ಕನ್ನಡಕವೂ ಕಿಟಕಿಯ ಬಿಸಿಲೂ ಬೇಕಾದವು.

ಹಾಗೆಂದು ಅಲುಗಾಟವೂ ನಿರಪರಾಧಿಯಲ್ಲ. ನಮ್ಮೂರಿನ ಬಲ್ಬಿಗೆ ಎರಡು ಕಿವಿಗಳಿವೆ. ಒತ್ತಿ ತಿರುಗಿಸಿದರೆ ಹೋಲ್ಡರಿನ ಸ್ಪ್ರಿಂಗ್ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಲ್ಲಿಯದು ಉಪ್ಪಿನಕಾಯಿ ಜಾಡಿಯ ಮುಚ್ಚಳದಂತೆ ತಿರುಪಿನದು. ಫ್ಯಾನು ತೊನೆದಾಡಿದಂತೆಲ್ಲ ಸಡಿಲವಾಗುತ್ತದೆ. ಸತ್ತಿತೆಂದು ಕಸದ ಬುಟ್ಟಿ ಸೇರಿದ್ದ ಇನ್ನೊಂದು ಬಲ್ಬನ್ನು ಎತ್ತಿ ಮೇಜಿನ ದೀಪಕ್ಕೆ ಹಾಕಿದರೆ ಜಗ್ಗನೆ ಹೊತ್ತಿಕೊಂಡಿತು. ಮಗಳು ನನ್ನನ್ನು ನೋಡಿದಳು, ನಾನು ಅಳಿಯಂದಿರನ್ನು ನೋಡಲಿಲ್ಲ.

ಇನ್ನು ಗೋಡೆಯ ಡಿಮ್ಮರ್, ಹೋದ ದಿನ ನಾನು ತಿರುಗಿಸಿ ದೀಪ ಮಂಕಾಗಿಸಿದ ಆ ಗುಂಡಿ. ಅದು ತಂತಿ ಬಲ್ಬುಗಳ ಕಾಲದ್ದು, ನೂರಿನ್ನೂರು ವ್ಯಾಟ್ ಉಂಡು ರೂಢಿಯಾದದ್ದು. 9 ವ್ಯಾಟಿನ ಎರಡು ಬಲ್ಬುಗಳು ಅದಕ್ಕೆ ಯಾವ ಮೂಲೆಗೆ ಸಾಲಬೇಕು? ಆ ಮಿಣುಕಾಟ ಅದರದೇ. ಎಲೆಕ್ಟ್ರಿಷಿಯನ್ ಬಂದು ಎಲ್‌ಇಡಿಗೆ ಹೊಂದುವುದನ್ನು ಹಾಕಿದ. ಅವನ ಬಿಲ್ಲಿನ ವಿಷಯ ಬೇಡ.

ಮುಚ್ಚಿದ ಗೂಡಿಗೆಂದೇ ಮಾಡಿದ ಬಲ್ಬುಗಳೂ ಸಿಗುತ್ತವೆ, ಅವನ್ನೇ ತಂದೆವು. ಆದರೂ ನನಗೆ ಸಮಾಧಾನವಿಲ್ಲ. ಗಾಜಿನ ಬಟ್ಟಲನ್ನೇ ತೆಗೆಸಿದೆ. “ಅಪ್ಪಾ, ಬೋಳು ಬಲ್ಬು ಬಸ್ ನಿಲ್ದಾಣದ ಹಾಗೆ ಕಾಣುತ್ತದೆ” ಎಂದಳು ಮಗಳು. ನಾನಿದ್ದಷ್ಟು ದಿನ ಬಟ್ಟಲು ಗ್ಯಾರೇಜಿನಲ್ಲಿತ್ತು.

ಈಗ ಭಾನುವಾರಗಳಂದು ವಿಡಿಯೊ ಕರೆ ಬರುತ್ತದೆ. ಮೊಮ್ಮಗನ ಹೊಸ ಹಲ್ಲನ್ನು ತೋರಿಸಲು ಮಗಳು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿಯುತ್ತಾಳೆ. ಚೆನ್ನಾಗಿದೆ ಎನ್ನುತ್ತೇನೆ. ಸ್ವಲ್ಪ ಮೇಲಕ್ಕೆ ಹಿಡಿಯಮ್ಮಾ, ಇನ್ನೂ ಸ್ವಲ್ಪ ಮೇಲಕ್ಕೆ.